ಅಜ್ಜಿಯ ಹೆಪ್ಪು, ನನ್ನ ಹೊಟ್ಟೆ

ಹಾಸ್ಟೆಲ್ ಸೇರಿದ ಮೊದಲ ತಿಂಗಳು ದಿನಾ ನನ್ನ ಹೊಟ್ಟೆ ಕೆಡುತ್ತಿತ್ತು. ರಾತ್ರಿ ಊಟ ಆದಮೇಲೆ ದೊಡ್ಡ ಸ್ಟೀಲ್ ಲೋಟದ ತುಂಬ ಬಿಸಿ ಹಾಲು ಕೊಡುತ್ತಿದ್ದರು. ಬೆಳೆಯುವ ಮಕ್ಕಳು ಕುಡಿಯಲೇಬೇಕು ಅಂತ ವಾರ್ಡನ್ ಪಕ್ಕದಲ್ಲೇ ನಿಂತು ಕುಡಿಸುತ್ತಿದ್ದರು. ಒಂದೆರಡು ಗಂಟೆ ಕಳೆಯುವುದರೊಳಗೆ ಹೊಟ್ಟೆ ಉಬ್ಬರಿಸಿ ಗುಡುಗುಡು ಅನ್ನುತ್ತಿತ್ತು. ನೀರು ಒಗ್ಗಿಲ್ಲ ಅಂದರು ಒಬ್ಬರು. ಸಾರಿಗೆ ಖಾರ ಜಾಸ್ತಿ ಅಂದರು ಇನ್ನೊಬ್ಬರು. ಮನೆ ನೆನಪಾಗಿ ಹೀಗಾಗುತ್ತದೆ ಅಂತಲೂ ಹೇಳಿದರು. ಹಾಲಿನ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಹಾಲು ಅಮೃತ ಅಲ್ವಾ?

ದಸರಾ ರಜೆಗೆ ಊರಿಗೆ ಹೋದಾಗ ಅಜ್ಜಿ ಒಂದೇ ಮಾತಲ್ಲಿ ಮುಗಿಸಿದರು. "ಬರೀ ಹಾಲು ನಮ್ಮ ಮನೇಲಿ ಯಾರಿಗೆ ಕಣೇ ಆಗಿ ಬಂದಿದೆ? ನಂಗೂ ಆಗಲ್ಲ, ನಿಮ್ಮಮ್ಮಂಗೂ ಆಗಲ್ಲ. ಮಜ್ಜಿಗೆ ಕುಡಿ."

ಆ ಮಾತನ್ನು ಆಗ ನಾನು ಅಷ್ಟು ಯೋಚಿಸಲಿಲ್ಲ. ಈಗ ಯೋಚಿಸಿದರೆ ಅದರಲ್ಲಿ ಎರಡು ಸಂಗತಿಗಳಿವೆ ಅನಿಸುತ್ತದೆ. "ನಂಗೂ ಆಗಲ್ಲ, ನಿಮ್ಮಮ್ಮಂಗೂ ಆಗಲ್ಲ" ಅನ್ನುವುದು ರಕ್ತದಲ್ಲಿ ಬಂದ ವಿಷಯ. "ಮಜ್ಜಿಗೆ ಕುಡಿ" ಅನ್ನುವುದು ಅಡುಗೆಮನೆಯಿಂದ ಬಂದ ವಿಷಯ. ಅಜ್ಜಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರು. ಜೀನ್ ಮತ್ತು ರೂಢಿ ಹೇಗೆ ಒಂದನ್ನೊಂದು ಬದಲಿಸುತ್ತಾ ಬಂದಿವೆ ಅಂತ ಆಮೇಲೆ ಓದುತ್ತಾ ಹೋದ ಹಾಗೆಲ್ಲ ಆ ಮಾತಿಗೇ ವಾಪಸ್ ಬಂದಿದ್ದೇನೆ.

ಮೊದಲು ಹೊಟ್ಟೆಯ ಕಥೆ. ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಇರುತ್ತದೆ. ಅದನ್ನು ಒಡೆಯಲು ಸಣ್ಣಕರುಳಿನಲ್ಲಿ ಲ್ಯಾಕ್ಟೇಸ್ ಅನ್ನುವ ಕಿಣ್ವ ಬೇಕು. ಕರು ಇರಲಿ, ನಾಯಿಮರಿ ಇರಲಿ, ಮನುಷ್ಯರ ಮಗು ಇರಲಿ, ಹುಟ್ಟುವಾಗ ಎಲ್ಲಕ್ಕೂ ಈ ಕಿಣ್ವ ಇರುತ್ತದೆ. ತಾಯಿ ಹಾಲು ಬಿಟ್ಟ ಮೇಲೆ ಅದು ನಿಧಾನವಾಗಿ ಕಡಿಮೆಯಾಗುತ್ತಾ ಹೋಗುತ್ತದೆ. ಇದು ರೋಗವಲ್ಲ. ಸಸ್ತನಿಗಳೆಲ್ಲ ಇರುವುದೇ ಹಾಗೆ. ಪ್ರಪಂಚದ ದೊಡ್ಡವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಹೀಗೇ ಇದ್ದಾರೆ. ಒಡೆಯದೆ ಉಳಿದ ಸಕ್ಕರೆ ದೊಡ್ಡಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ನನ್ನ ಹಾಸ್ಟೆಲ್ ರಾತ್ರಿಗಳು ಹಾಗಾಗಿದ್ದವು.

ದೊಡ್ಡವರಾದರೂ ಹಾಲು ಅರಗಿಸಿಕೊಳ್ಳುವ ಉಳಿದ ಒಂದು ಪಾಲು ಜನರಲ್ಲಿ ಬದಲಾಗಿರುವುದು ತುಂಬ ಸಣ್ಣ ವಿಷಯ. ಲ್ಯಾಕ್ಟೇಸ್ ಜೀನಿನ ಆಚೆ, ಜೀನ್‌ಗಳನ್ನು ಬರೆದಿರುವ ಡಿಎನ್‌ಎ ಲಿಪಿಯಲ್ಲಿ 13,910 ಅಕ್ಷರ ದೂರದಲ್ಲಿ, ಒಂದು ಸ್ವಿಚ್ ಇದ್ದ ಹಾಗೆ ಒಂದು ಜಾಗ ಇದೆ. ಅಲ್ಲಿ ಸಿ ಅನ್ನುವ ಅಕ್ಷರದ ಬದಲು ಟಿ ಬಂದು ಕೂತಿದೆ. ಅಷ್ಟೇ. ಆ ಸ್ವಿಚ್ ಮಗುತನ ಮುಗಿದ ಮೇಲೂ ಆರುವುದಿಲ್ಲ. ಇದನ್ನು 2002ರಲ್ಲಿ ಫಿನ್‌ಲ್ಯಾಂಡಿನ ವಿಜ್ಞಾನಿಗಳು ಮೊದಲು ಗುರುತಿಸಿದರು. 2007ರಲ್ಲಿ ಸಾರಾ ಟಿಷ್ಕಾಫ್ ಮತ್ತು ಅವರ ಜೊತೆಯವರು ಟಾಂಜಾನಿಯಾ, ಕೀನ್ಯಾ, ಸೂಡಾನಿನ ಜನರನ್ನು ಪರೀಕ್ಷಿಸಿದಾಗ ಅದೇ ಸ್ವಿಚ್ಚಿನ ಆಸುಪಾಸಿನಲ್ಲಿ ಬೇರೆಯೇ ಮೂರು ಅಕ್ಷರ ಬದಲಾವಣೆಗಳು ಸಿಕ್ಕವು. ಅಂದರೆ ಯುರೋಪಿನ ದನಗಾಹಿಗಳಿಗೂ ಆಫ್ರಿಕಾದ ದನಗಾಹಿಗಳಿಗೂ ಸಂಬಂಧವಿಲ್ಲದೆ, ಬೇರೆ ಬೇರೆ ಕಡೆ, ಬೇರೆ ಬೇರೆ ಅಕ್ಷರದಿಂದ ಒಂದೇ ಫಲ ಬಂದಿದೆ. ಎರಡೂ ಕಡೆ ಇದ್ದದ್ದು ದನ ಕಟ್ಟುವ, ಹಾಲು ಕರೆಯುವ ಬದುಕು. ಮೊದಲು ರೂಢಿ ಬಂತು. ಜೀನ್ ಅದರ ಹಿಂದೆ ಬಂತು.

ಎಷ್ಟು ಹಿಂದೆ ಅನ್ನುವುದು ನನಗೆ ನಿಜವಾಗಲೂ ಆಶ್ಚರ್ಯ ತಂದ ವಿಷಯ. ಟರ್ಕಿಯ ಕಡೆ ಸಿಕ್ಕ ಸುಮಾರು 9,000 ವರ್ಷ ಹಳೆಯ ಮಡಕೆ ಚೂರುಗಳಲ್ಲಿ ಹಾಲಿನ ಕೊಬ್ಬಿನ ಗುರುತು ಇದೆ. ಆದರೆ ಸುಮಾರು 5,300 ವರ್ಷದ ಹಿಂದೆ ಆಲ್ಪ್ಸ್ ಬೆಟ್ಟದಲ್ಲಿ ಸತ್ತು ಮಂಜಿನಲ್ಲಿ ಉಳಿದ ಊಟ್ಸಿ ಅನ್ನುವ ಮನುಷ್ಯನಿಗೆ ಆ ಟಿ ಅಕ್ಷರ ಇರಲಿಲ್ಲ. ಜರ್ಮನಿಯ ಟೊಲೆನ್ಸೆ ನದಿಯ ದಡದಲ್ಲಿ ಕ್ರಿ.ಪೂ. 1200ರ ಸುಮಾರಿಗೆ ದೊಡ್ಡ ಕಾದಾಟ ನಡೆದಿತ್ತು. ಅಲ್ಲಿ ಸತ್ತವರ ಎಲುಬುಗಳನ್ನು ಪರೀಕ್ಷಿಸಿದಾಗ ಎಂಟರಲ್ಲಿ ಒಬ್ಬರಿಗೆ ಮಾತ್ರ ಹಾಲು ಅರಗುವ ಜೀನ್ ಇದ್ದಂತೆ ಕಂಡಿತು. ಅಂದರೆ ಸಾವಿರಾರು ವರ್ಷ ಜನ ಹಾಲು ಬಳಸಿದ್ದಾರೆ, ಅವರ ಹೊಟ್ಟೆ ಅದಕ್ಕೆ ತಯಾರಾಗಿರಲೇ ಇಲ್ಲ.

ಹಾಗಾದರೆ ಆಮೇಲೆ ಆ ಜೀನ್ ಅಷ್ಟು ಬೇಗ ಹಬ್ಬಿದ್ದು ಯಾಕೆ? 2022ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಕೊಡುವ ಉತ್ತರ ಕೇಳಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಹೊಟ್ಟೆ ತುಂಬಿದವನಿಗೆ ಹಾಲಿನಿಂದ ಭೇದಿಯಾದರೆ ಒಂದು ದಿನದ ತೊಂದರೆ. ಬರಗಾಲದಲ್ಲಿ, ಬೇರೆ ಏನೂ ಇಲ್ಲದೆ ಹಾಲು ಕುಡಿದು, ಮೊದಲೇ ಸೊರಗಿದ ಮೈಯಿಂದ ನೀರೆಲ್ಲ ಹೋದರೆ ಅದು ಸಾವು. ರೋಗ ರುಜಿನ ಹರಡಿದ ಕಾಲದಲ್ಲೂ ಹಾಗೇ. ಅಂಥ ಕೆಟ್ಟ ವರ್ಷಗಳು ಬಂದಾಗಲೆಲ್ಲ ಟಿ ಅಕ್ಷರ ಇದ್ದವರು ಸ್ವಲ್ಪ ಜಾಸ್ತಿ ಬದುಕಿದರು. ಇವತ್ತು ಯುರೋಪಿನ ಹುಡುಗನೊಬ್ಬ ಒಂದು ಲೋಟ ತಣ್ಣನೆ ಹಾಲನ್ನು ಗಟಗಟ ಕುಡಿದು ಆಟಕ್ಕೆ ಓಡುತ್ತಾನಲ್ಲ, ಅದರ ಹಿಂದೆ ಹಸಿದು ಸತ್ತವರ ಲೆಕ್ಕ ಇದೆ.

ನಮ್ಮ ಕಡೆ ಏನಾಯಿತು? ಹಾಲಿನ ಬಳಕೆ ನಮಗೂ ಹೊಸದಲ್ಲ. ಕಛ್‌ನ ಕೋಟಡಾ ಭಡ್ಲಿ ಅನ್ನುವ ಸಿಂಧೂ ಕಾಲದ ಹಳ್ಳಿಯಲ್ಲಿ ಸಿಕ್ಕ, ಸುಮಾರು 4,500 ವರ್ಷ ಹಳೆಯ ಮಡಕೆಗಳಲ್ಲಿ ಹಾಲಿನ ಅಂಶ ಇದೆ. ಇನ್ನು ನಮ್ಮ ಬಳ್ಳಾರಿ, ಯಾದಗಿರಿ ಕಡೆಯ ಬೂದಿ ದಿಬ್ಬಗಳು. ಕುಡತಿನಿಯ ದಿಬ್ಬವನ್ನು ನಾನು ರಸ್ತೆಯಿಂದ ನೋಡಿದ್ದೇನೆ. ಮೊದಲ ಸಲ ನೋಡುವವರಿಗೆ ಏನೋ ಸುಟ್ಟು ಸುರಿದ ರಾಶಿ ಅನಿಸುತ್ತದೆ. ಅದು ನಿಜವೂ ಹೌದು. ಸುಮಾರು ನಾಲ್ಕೈದು ಸಾವಿರ ವರ್ಷಗಳ ಹಿಂದೆ ಅಲ್ಲಿ ದನದ ದೊಡ್ಡಿಗಳಿದ್ದವು. ವರ್ಷವರ್ಷವೂ ಸೇರಿದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಇಟ್ಟು, ಬೂದಿ ದಿಬ್ಬವಾಗಿ ಬೆಳೆದಿದೆ. ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ಅಗೆದಾಗ ದೊಡ್ಡಿಯ ಪಕ್ಕದಲ್ಲೇ ಜನ ಬದುಕಿದ್ದ ಜಾಗವೂ ಸಿಕ್ಕಿತು. ದನದ ಜೊತೆ ನಮ್ಮ ನಂಟು ಅಷ್ಟು ಹಳೆಯದು.

ಆದರೂ ನಮ್ಮ ಹೊಟ್ಟೆ ಬದಲಾಗಲಿಲ್ಲ. 2012ರಲ್ಲಿ ಭಾರತ ಉಪಖಂಡದ 2,284 ಜನರ ಮಾದರಿ ಪರೀಕ್ಷಿಸಿದ ಅಧ್ಯಯನ ಒಂದು ಬಂತು. ಡುಬ್ಬದ ದನ, ಎಮ್ಮೆಗಳನ್ನು ನಾವೇ ಪಳಗಿಸಿದವರು, ನಮ್ಮಲ್ಲಿ ನಮ್ಮದೇ ಬೇರೆ ಅಕ್ಷರ ಬದಲಾವಣೆ ಸಿಗಬಹುದು ಅನ್ನುವ ನಿರೀಕ್ಷೆ ಇತ್ತು. ಸಿಗಲಿಲ್ಲ. ಸಿಕ್ಕಿದ್ದು ಯುರೋಪಿನವರಲ್ಲಿ ಇರುವ ಅದೇ ಟಿ. ಅದು ವಾಯವ್ಯದಲ್ಲಿ ಜಾಸ್ತಿ, ದಕ್ಷಿಣಕ್ಕೂ ಪೂರ್ವಕ್ಕೂ ಬಂದ ಹಾಗೆ ಕಡಿಮೆ. ನೀಲಗಿರಿಯ ತೋಡರಂಥವರು ಬೇರೆ. ಎಮ್ಮೆಯೇ ಅವರ ಬದುಕು, ಎಮ್ಮೆಯ ಹಾಲಿನ ಮನೆಯೇ ಅವರ ಗುಡಿ. ಅವರಲ್ಲಿ ಈ ಜೀನ್ ಸುತ್ತಲಿನವರಿಗಿಂತ ತುಂಬ ಜಾಸ್ತಿ. ನಮ್ಮಂಥ ಉಳಿದ ದಕ್ಷಿಣದವರಲ್ಲಿ ಹೆಚ್ಚಿನವರು ದೊಡ್ಡವರಾದ ಮೇಲೆ ಬರೀ ಹಾಲು ಅರಗಿಸಿಕೊಳ್ಳಲಾರರು.

ಆದರೆ ಹಾಲಿಲ್ಲದ ಮನೆ ನಮ್ಮಲ್ಲಿ ಎಲ್ಲಿದೆ? ಇದಕ್ಕೆ ಉತ್ತರ ಸಿಗಬೇಕಾದರೆ ಅಜ್ಜಿಯ ಅಡುಗೆಮನೆಗೇ ಹೋಗಬೇಕು.

ತಿಪಟೂರಿನ ಹತ್ತಿರದ ಹಳ್ಳಿ ಅದು. ಸಂಜೆ ಹಾಲು ಕಾಯಿಸಿ ಆರಲು ಬಿಡುತ್ತಿದ್ದರು. ಅಜ್ಜಿ ಕಿರುಬೆರಳು ಅದ್ದಿ ನೋಡುತ್ತಿದ್ದರು. ಸುಡಬಾರದು, ತಣ್ಣಗೂ ಇರಬಾರದು, ಉಗುರುಬೆಚ್ಚಗಿರಬೇಕು. ಆಮೇಲೆ ಬೆಳಿಗ್ಗೆ ಎತ್ತಿಟ್ಟ ಮೊಸರಿನಲ್ಲಿ ಅರ್ಧ ಚಮಚ ತೆಗೆದು ಹೆಪ್ಪು ಹಾಕಿ ಮುಚ್ಚುತ್ತಿದ್ದರು. ಚಳಿಗಾಲದಲ್ಲಿ ಗಡಿಗೆ ಒಲೆಯ ಪಕ್ಕದ ಬಿಸಿ ಬೂದಿಯ ಹತ್ತಿರ ಹೋಗುತ್ತಿತ್ತು. ಬೆಳಗಾದರೆ ಕಂಬಕ್ಕೆ ಹಗ್ಗ ಸುತ್ತಿ ಕಡಗೋಲು ಶುರು. ಹಗ್ಗ ಆ ಕೈಗೆ, ಈ ಕೈಗೆ. ಬೆಣ್ಣೆ ಬರುವ ಹೊತ್ತಿಗೆ ಸದ್ದು ಬದಲಾಗುತ್ತಿತ್ತು, ಸರಸರ ಅನ್ನುತ್ತಿದ್ದದ್ದು ಲೊಳಲೊಳ ಅನ್ನುತ್ತಿತ್ತು. ಆಗ ಅಜ್ಜಿ ಒಂದು ಚೆಂಬು ತಣ್ಣೀರು ಹಾಕುತ್ತಿದ್ದರು. ಬೆಣ್ಣೆ ಉಂಡೆ ನೀರಿನ ಪಾತ್ರೆಗೆ, ಉಳಿದದ್ದು ಮಜ್ಜಿಗೆ. ವಾರಕ್ಕೊಮ್ಮೆ ಬೆಣ್ಣೆ ಕಾಯಿಸುವಾಗ ಕೊನೆಗೆ ಒಂದು ವೀಳ್ಯದೆಲೆ ಹಾಕುತ್ತಿದ್ದರು. ಆ ಚಟಪಟ ಸದ್ದಿಗೆ ನಾವೆಲ್ಲ ಒಳಗೆ ಓಡುತ್ತಿದ್ದೆವು.

ಇಷ್ಟರಲ್ಲಿ ಹಾಲಿಗೆ ಏನಾಗಿದೆ ನೋಡಿ. ಹೆಪ್ಪಿನಲ್ಲಿದ್ದ ಬ್ಯಾಕ್ಟೀರಿಯಾ ರಾತ್ರಿಯಿಡೀ ಲ್ಯಾಕ್ಟೋಸಿನ ಒಂದು ಪಾಲನ್ನು ತಿಂದು ಹುಳಿ ಮಾಡಿವೆ. ಉಳಿದದ್ದನ್ನು ಒಡೆಯಲು ಅವುಗಳದೇ ಕಿಣ್ವ ನಮ್ಮ ಕರುಳಿನಲ್ಲೂ ಸಹಾಯ ಮಾಡುತ್ತದೆ. ಮಜ್ಜಿಗೆಗೆ ನೀರು ಬೆರೆತು ಸಕ್ಕರೆ ಇನ್ನೂ ತೆಳುವಾಗಿದೆ. ತುಪ್ಪದಲ್ಲಂತೂ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹೊಟ್ಟೆ ಮಾಡಬೇಕಾದ ಕೆಲಸದ ಒಂದು ಪಾಲು ರಾತ್ರಿಯೇ ಗಡಿಗೆಯೊಳಗೆ ಮುಗಿದಿದೆ. ನಮ್ಮ ಮೈ ಕಲಿಯದೇ ಇದ್ದದ್ದನ್ನು ನಮ್ಮ ಅಡುಗೆಮನೆ ಕಲಿತಿತ್ತು.

ಮಂಗೋಲಿಯಾದವರ ಕಥೆಯೂ ಇದೇ. ಕುದುರೆ, ಯಾಕ್, ಕುರಿ ಅಂತ ಎಲ್ಲದರ ಹಾಲನ್ನೂ ಬಳಸುವ ಜನ ಅವರು. ಆದರೆ ಹಾಲು ಅರಗುವ ಜೀನ್ ಅವರಲ್ಲಿ ತೀರಾ ಕಡಿಮೆ. ಕುದುರೆ ಹಾಲನ್ನು ಹುದುಗಿಸಿ ಐರಾಗ್ ಮಾಡುತ್ತಾರೆ, ಮೊಸರನ್ನು ಹಿಂಡಿ ಒಣಗಿಸಿ ಗಟ್ಟಿ ತುಂಡು ಮಾಡಿಡುತ್ತಾರೆ. ಗಡಿಗೆ ಇದ್ದರೆ ಜೀನ್ ಬೇಕಾಗುವುದಿಲ್ಲ. ನಮ್ಮ ಸೆಕೆಗೆ ಕರೆದ ಹಾಲು ಅರ್ಧ ದಿನ ಇಟ್ಟರೆ ತಾನೇ ಒಡೆಯುತ್ತದೆ. ಹಾಗಾಗಿ ಹೆಪ್ಪು ಹಾಕುವುದು ಇಲ್ಲಿ ಬಹಳ ಬೇಗ ಬಂದಿರಬೇಕು, ಆ ರೂಢಿ ಜೀನಿನ ಮೇಲೆ ಬೀಳಬೇಕಾಗಿದ್ದ ಒತ್ತಡವನ್ನು ತಾನೇ ತಡೆದುಕೊಂಡಿರಬೇಕು ಅಂತ ನನಗೆ ಅನಿಸುತ್ತದೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಕರ್ನಾಟಕದ ಶಾಲೆಗಳಲ್ಲಿ 2013ರ ಆಗಸ್ಟಿನಿಂದ ಕ್ಷೀರಭಾಗ್ಯ ಇದೆ, ಮಗುವಿಗೆ 150 ಮಿಲಿಲೀಟರ್ ಹಾಲು. ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅಷ್ಟು ಹಾಲಿನಲ್ಲಿ ಇರುವುದು ಸುಮಾರು 7 ಗ್ರಾಂ ಲ್ಯಾಕ್ಟೋಸ್, ಹೆಚ್ಚಿನ ಮಕ್ಕಳಿಗೆ ಅದು ಏನೂ ಮಾಡುವುದಿಲ್ಲ. ಹಸಿದು ಬಂದ ಮಗುವಿಗೆ ಆ ಲೋಟ ದೊಡ್ಡದು. ಆದರೆ "ಹೊಟ್ಟೆ ನೋಯುತ್ತೆ ಮಿಸ್" ಅಂತ ಒಂದು ಮಗು ಹೇಳಿದರೆ ದಯವಿಟ್ಟು ನಂಬಿ. ಅದು ನೆಪ ಹೇಳುತ್ತಿಲ್ಲ. ಅದರ ಅಜ್ಜಿಯೂ ಹಾಗೇ ಇದ್ದಿರಬಹುದು.

ರೂಢಿ ಜೀನನ್ನು ಬದಲಿಸಿದ್ದು ಹಾಲಿನ ವಿಷಯದಲ್ಲಿ ಮಾತ್ರವಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಜನ ಕಾಡು ಕಡಿದು ಗೆಣಸಿನ ಜಾತಿಯ ಗೆಡ್ಡೆ ಬೆಳೆಯಲು ಶುರು ಮಾಡಿದಾಗ ಬಿಸಿಲು ಬಿದ್ದ ಹೊಂಡಗಳಲ್ಲಿ ಸೊಳ್ಳೆ ಹೆಚ್ಚಿತು, ಮಲೇರಿಯಾ ಹೆಚ್ಚಿತು. ಆಗ ಕೆಂಪು ರಕ್ತಕಣವನ್ನು ಕುಡುಗೋಲಿನ ಹಾಗೆ ಬಾಗಿಸುವ ಜೀನ್ ಒಂದು ಪ್ರತಿ ಇದ್ದವರು ಮಲೇರಿಯಾದಿಂದ ಜಾಸ್ತಿ ಉಳಿದರು. ಎರಡು ಪ್ರತಿ ಸೇರಿದ ಮಕ್ಕಳು ಮಾತ್ರ ನೋವಿನಲ್ಲಿ ನರಳಿದರು. 1958ರಲ್ಲಿ ಮಾನವಶಾಸ್ತ್ರಜ್ಞ ಫ್ರಾಂಕ್ ಲಿವಿಂಗ್‌ಸ್ಟನ್ ಬೇಸಾಯಕ್ಕೂ ಈ ರಕ್ತಕ್ಕೂ ಇರುವ ನಂಟನ್ನು ಬಿಡಿಸಿ ಹೇಳಿದರು. ನೇಗಿಲೋ ಗುದ್ದಲಿಯೋ ನೆಲವನ್ನಷ್ಟೇ ಅಗೆಯುವುದಿಲ್ಲ, ಮೈಯೊಳಗೂ ಅಗೆಯುತ್ತದೆ. ನಮ್ಮ ನೀಲಗಿರಿಯ ಆದಿವಾಸಿಗಳಲ್ಲೂ 1952ರಲ್ಲೇ ಈ ಜೀನ್ ಕಂಡುಬಂದಿತ್ತು.

ಹೆಪ್ಪಿಗೇ ಬರುತ್ತೇನೆ. ಅಜ್ಜಿಯ ಮನೆಯಲ್ಲಿ ಹೆಪ್ಪು ತಪ್ಪಿಹೋದರೆ ಅವರು ಒಂದು ಸಣ್ಣ ಬಟ್ಟಲು ಕೊಟ್ಟು ನನ್ನನ್ನು ಪಕ್ಕದ ಮನೆಗೆ ಕಳಿಸುತ್ತಿದ್ದರು. ದೀಪ ಹಚ್ಚುವ ಮುಂಚೆ ಹೋಗಬೇಕು, ಆಮೇಲೆ ಯಾರೂ ಮೊಸರು ಕೊಡುವುದಿಲ್ಲ. ಅವರ ಮನೆಯಲ್ಲೂ ಇಲ್ಲದಿದ್ದರೆ ಹಸಿಮೆಣಸಿನಕಾಯಿ ತೊಟ್ಟು ಹಾಕಿದರೂ ಆದೀತು ಅನ್ನುತ್ತಿದ್ದರು. ಜೀನ್ ಹೀಗೆ ಬರುವುದಿಲ್ಲ. ಜೀನ್ ಮೇಲಿನಿಂದ ಕೆಳಗೆ ಮಾತ್ರ ಇಳಿಯುತ್ತದೆ, ಅಪ್ಪ ಅಮ್ಮನಿಂದ ಮಕ್ಕಳಿಗೆ. ರೂಢಿ ಅಡ್ಡಡ್ಡವಾಗಿಯೂ ಹೋಗುತ್ತದೆ. ಪಕ್ಕದ ಮನೆಯವರಿಂದ, ಗೆಳತಿಯಿಂದ, ಮೇಷ್ಟ್ರಿಂದ. ಲೂಯಿಜಿ ಲೂಕಾ ಕವಾಲಿ ಸ್ಫೋರ್ಜಾ ಮತ್ತು ಮಾರ್ಕಸ್ ಫೆಲ್ಡ್‌ಮನ್ ಅನ್ನುವ ವಿಜ್ಞಾನಿಗಳು 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕೂತು ಗಣಿತದಲ್ಲಿ ಬರೆದದ್ದು ಇದನ್ನೇ. ಎರಡೂ ಪಿತ್ರಾರ್ಜಿತವೇ, ಆದರೆ ಎರಡರ ದಾರಿ ಬೇರೆ, ವೇಗ ಬೇರೆ. ಹೆಪ್ಪು ಒಂದು ಸಂಜೆಯಲ್ಲಿ ಬೀದಿ ದಾಟುತ್ತದೆ. ಜೀನಿಗೆ ತಲೆಮಾರುಗಳು ಬೇಕು.

ಈ ಕವಾಲಿ ಸ್ಫೋರ್ಜಾ ಅದಕ್ಕೂ ಮೊದಲು ಇಟಲಿಯಲ್ಲಿ ಇನ್ನೊಂದು ಕೆಲಸ ಮಾಡಿದ್ದರು. ಪಾರ್ಮಾ ಕಣಿವೆಯ ಚರ್ಚುಗಳ ಹಳೇ ದಾಖಲೆ ಕೂತು ಓದಿದ್ದರು. ಅಲ್ಲಿ ಸಂಬಂಧದಲ್ಲಿ ಮದುವೆಯಾಗಬೇಕಾದರೆ ಚರ್ಚಿನಿಂದ ವಿಶೇಷ ಅನುಮತಿ ಬೇಕಿತ್ತು. ಹಾಗಾಗಿ ಯಾರು ಯಾರ ರಕ್ತಸಂಬಂಧಿಯನ್ನು ಮದುವೆಯಾದರು ಅನ್ನುವ ಲೆಕ್ಕ ನೂರಾರು ವರ್ಷದಿಂದ ಉಳಿದಿತ್ತು. ಅದನ್ನು ಓದಿದಾಗ ನನಗೆ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ಹೆಪ್ಪು ಬೀದಿ ದಾಟುತ್ತಿತ್ತು ಅಂದೆನಲ್ಲ, ನಮ್ಮ ಮನೆಯ ಹೆಣ್ಣುಮಕ್ಕಳು ದಾಟುತ್ತಿರಲಿಲ್ಲ.

ಅಜ್ಜಿ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು. ಆಗ ಅವರಿಗೆ 15. ಅವರ ಕೊನೆಯ ಮಗ, ಅಂದರೆ ನನ್ನ ಚಿಕ್ಕ ಮಾವ, ಮದುವೆಯಾಗಿದ್ದು ನನ್ನ ಚಿಕ್ಕಮ್ಮನ ಮಗಳನ್ನು, ಅವರ ಸ್ವಂತ ಅಕ್ಕನ ಮಗಳನ್ನು. ನನಗಿಂತ ಮೂರು ವರ್ಷ ಚಿಕ್ಕ ತಂಗಿ ನನಗೆ ಅತ್ತೆಯಾದಳು. ಮದುವೆ ಮನೆಯಲ್ಲಿ ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ. ನನಗೂ ಅನಿಸಲಿಲ್ಲ. ಗೊತ್ತಿರುವ ಮನೆ, ಹುಡುಗಿ ಕಣ್ಣ ಮುಂದೆ ಇರುತ್ತಾಳೆ, ಜಮೀನು ಹಂಚಿಹೋಗುವುದಿಲ್ಲ, ವರದಕ್ಷಿಣೆ ಮಾತಿಲ್ಲ, ಅತ್ತೆ ಬೇರೆ ಯಾರೋ ಅಲ್ಲ, ಅಜ್ಜಿಯೇ. ಇವು ಸಣ್ಣ ಕಾರಣಗಳಲ್ಲ. ಗುರುತಿಲ್ಲದ ಮನೆಗೆ ಹೋಗಿ ಒಂಟಿಯಾಗಿ ಕಣ್ಣೀರು ಹಾಕಿದ ಹೆಣ್ಣುಮಕ್ಕಳನ್ನು ನೋಡಿದವರಿಗೆ ಇವುಗಳ ಬೆಲೆ ಗೊತ್ತು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹೆರಿಗೆಗೆ ಬಂದವರನ್ನು ಕೇಳಿ ಮಾಡಿದ ದೊಡ್ಡ ಲೆಕ್ಕದಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ಸಂಬಂಧದಲ್ಲೇ ಆಗಿತ್ತು. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯನ್ನು ನಿಷೇಧಿಸುತ್ತದೆ. ಆದರೆ ರೂಢಿ ಇದ್ದ ಕಡೆ ಬಿಟ್ಟುಕೊಡುತ್ತದೆ. ಕಾನೂನೂ ನಮ್ಮ ರೂಢಿಗೆ ದಾರಿ ಬಿಟ್ಟು ನಿಂತಿದೆ.

ಚಿಕ್ಕ ಮಾವ ಮತ್ತು ತಂಗಿಯ ಎರಡನೇ ಮಗುವಿಗೆ ಕಿವಿ ಕೇಳಿಸುವುದಿಲ್ಲ ಅಂತ ಗೊತ್ತಾದಾಗ ಅದಕ್ಕೆ ಒಂದೂವರೆ ವರ್ಷ. ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಡಾಕ್ಟರು ಫೈಲಿನಿಂದ ತಲೆ ಎತ್ತದೆ, "ಸಂಬಂಧದಲ್ಲೇ ಮಾಡ್ಕೊಂಡ್ರಾ? ಮತ್ತೆ ಇನ್ನೇನಾಗತ್ತೆ?" ಅಂದರಂತೆ. ತಂಗಿ ಆ ಒಂದು ಮಾತನ್ನು ಎರಡು ವರ್ಷ ಎದೆಯಲ್ಲಿ ಹೊತ್ತುಕೊಂಡಿದ್ದಳು. ಅದು ನಿಜ ಇರಬಹುದು. ಆದರೆ ಹಾಗೆ ಹೇಳಬಾರದಿತ್ತು. ರೂಢಿಯನ್ನು ಅವಳು ಆರಿಸಿಕೊಂಡವಳಲ್ಲ, ಅದರೊಳಗೆ ಹುಟ್ಟಿದವಳು.

ಆಮೇಲೆ ಬೇರೆ ಕಡೆ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋದಾಗ ನಾನೂ ಜೊತೆಗಿದ್ದೆ. ಅಲ್ಲಿನ ಹೆಣ್ಣುಮಗಳು ತಾಳ್ಮೆಯಿಂದ ಒಂದು ಬಿಳಿ ಹಾಳೆ ಮೇಲೆ ನಮ್ಮ ವಂಶವೃಕ್ಷ ಬರೆದರು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ. ಮದುವೆಗೆ ಒಂದು ಗೆರೆ. ಸಂಬಂಧದಲ್ಲಿ ಮದುವೆಯಾದರೆ ಎರಡು ಗೆರೆ. ಅಜ್ಜಿ ತಾತನ ನಡುವೆ ಎರಡು ಗೆರೆ ಬಂತು. ಚಿಕ್ಕ ಮಾವ ಮತ್ತು ತಂಗಿಯ ನಡುವೆ ಮತ್ತೆ ಎರಡು ಗೆರೆ. ಮೇಲಿನಿಂದ ಕವಲೊಡೆದು ಅಗಲವಾಗಬೇಕಾದ ಮರ ಮತ್ತೆ ಮತ್ತೆ ತನ್ನದೇ ಕಾಂಡಕ್ಕೆ ಬಂದು ಸೇರುತ್ತಿತ್ತು. ಕೆಳಗಿನ ಒಂದು ಸೊನ್ನೆಯನ್ನು ಅವರು ಪೆನ್ನಿನಿಂದ ಮೆಲ್ಲಗೆ ತುಂಬಿದರು. ಅದು ನಮ್ಮ ಪುಟ್ಟಿ.

ಅವರು ಹೇಳಿದ್ದು ಇಷ್ಟು. ಪ್ರತಿಯೊಬ್ಬರಲ್ಲೂ ಕೆಲವು ಕೆಟ್ಟ ಜೀನ್ ಪ್ರತಿಗಳು ಸುಮ್ನೆ ಮಲಗಿರುತ್ತವೆ. ಜೊತೆಗೆ ಒಂದು ಒಳ್ಳೆ ಪ್ರತಿ ಇದ್ದರೆ ಏನೂ ಆಗುವುದಿಲ್ಲ. ಮಾವ ಮತ್ತು ಅಕ್ಕನ ಮಗಳ ಜೀನ್‌ಗಳಲ್ಲಿ ಕಾಲು ಭಾಗ ಒಂದೇ ಇರುತ್ತವೆ. ಅತ್ತೆ ಮಗ, ಮಾವನ ಮಗಳ ನಡುವೆ ಎಂಟರಲ್ಲಿ ಒಂದು ಭಾಗ. ಹಾಗಾಗಿ ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇರುವ ಸಾಧ್ಯತೆ ಜಾಸ್ತಿ. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸಾಮಾನ್ಯ ದಂಪತಿಗಳಲ್ಲಿ ನೂರಕ್ಕೆ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದ ಏನಾದರೂ ತೊಂದರೆ ಇರುತ್ತದೆ. ಅತ್ತೆ ಮಾವನ ಮಕ್ಕಳು ಮದುವೆಯಾದರೆ ಅದು ಹೆಚ್ಚುಕಡಿಮೆ ದುಪ್ಪಟ್ಟು. ಸೋದರಮಾವ, ಅಕ್ಕನ ಮಗಳ ಮದುವೆಯಲ್ಲಿ ಇನ್ನೂ ಜಾಸ್ತಿ. ಆದರೂ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ, ತಂಗಿಯ ಮೊದಲ ಮಗಳ ಹಾಗೆ. ಹಾಗಾಗಿಯೇ ರೂಢಿ ಇಷ್ಟು ಕಾಲ ಉಳಿದಿದೆ. "ನಮ್ಮ ಮನೇಲಿ ಎಲ್ಲರೂ ಹಾಗೇ ಆಗಿದ್ದಾರೆ, ಏನಾಗಿದೆ?" ಅನ್ನುವ ಪ್ರಶ್ನೆಗೆ ಪ್ರತಿ ಮನೆಯಲ್ಲೂ ಸಾಕ್ಷಿ ಸಿಗುತ್ತದೆ.

ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಒಂದು ವಿಷಯ ಹೊಳೆಯಿತು. ದೊಡ್ಡಪ್ಪನ ಮಗ ನನಗೆ ಅಣ್ಣ. ಅವನನ್ನು ಮದುವೆಯಾಗುವುದನ್ನು ಯೋಚಿಸುವುದೂ ಪಾಪ. ಸೋದರತ್ತೆಯ ಮಗ ನನಗೆ ಭಾವ. ಅವನ ಜೊತೆ ಚಿಕ್ಕಂದಿನಿಂದ ನನ್ನನ್ನು ಸೇರಿಸಿ ರೇಗಿಸುತ್ತಿದ್ದರು. ಆದರೆ ಜೀನಿನ ಲೆಕ್ಕದಲ್ಲಿ ಇಬ್ಬರೂ ಒಂದೇ, ಎಂಟರಲ್ಲಿ ಒಂದು ಭಾಗ. ರಕ್ತಕ್ಕೆ ಆ ವ್ಯತ್ಯಾಸ ಗೊತ್ತೇ ಇಲ್ಲ. ವ್ಯತ್ಯಾಸ ಇರುವುದು ಕನ್ನಡದಲ್ಲಿ. ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಅಮ್ಮನ ತಮ್ಮನೂ ಮಾವ, ಗಂಡನ ತಂದೆಯೂ ಮಾವ. ಮಾತು ಕಲಿಯುವ ಮಗು ಯಾರನ್ನು ಏನೆಂದು ಕರೆಯಬೇಕು ಅಂತ ಕಲಿಯುವಾಗಲೇ ಯಾರನ್ನು ಮದುವೆಯಾಗಬಹುದು ಅಂತಲೂ ಕಲಿತಿರುತ್ತದೆ. ಗೋತ್ರ ನೋಡುವ ಮನೆಗಳಲ್ಲೂ ಹಾಗೇ. ಗೋತ್ರ ಅಪ್ಪನ ಕಡೆಯಿಂದ ಮಾತ್ರ ಬರುತ್ತದೆ, ವೈ ಕ್ರೋಮೋಸೋಮಿನ ಹಾಗೆ. ಅಕ್ಕನ ಮಗಳ ಗೋತ್ರ ಬೇರೆ, ಆದ್ದರಿಂದ ಲೆಕ್ಕ ಸರಿ. ಅಮ್ಮಂದಿರ ಕಡೆಯಿಂದ ಬಂದ ಅಷ್ಟೂ ಜೀನ್‌ಗಳು ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ತಲೆತಲಾಂತರದಿಂದ ಒಂದು ಪದ ನಮ್ಮ ಜೀನ್‌ಗಳನ್ನು ಯಾವ ಕಡೆ ಹರಿಯಬೇಕು, ಯಾವ ಕಡೆ ಹರಿಯಬಾರದು ಅಂತ ಕಟ್ಟೆ ಕಟ್ಟಿ ನಡೆಸಿದೆ.

ಸಂಬಂಧ ಬಿಟ್ಟು "ಹೊರಗೆ" ಕೊಟ್ಟರೂ ನಮ್ಮಲ್ಲಿ ಹೊರಗು ಅನ್ನುವುದು ಎಷ್ಟು ಹೊರಗೆ? ಜಾತಿಯೊಳಗೇ ಅಲ್ವಾ? 2013ರ ಒಂದು ಅಧ್ಯಯನದ ಪ್ರಕಾರ ಸುಮಾರು 4,200 ವರ್ಷದಿಂದ 1,900 ವರ್ಷದ ಹಿಂದಿನವರೆಗೆ ಈ ನೆಲದಲ್ಲಿ ಜನ ಚೆನ್ನಾಗಿ ಬೆರೆತಿದ್ದಾರೆ. ಉತ್ತರದವರು, ದಕ್ಷಿಣದವರು, ಮೇಲಿನವರು ಅನಿಸಿಕೊಂಡವರು, ಕೆಳಗಿನವರು ಅನಿಸಿಕೊಂಡವರು, ಹೆಚ್ಚುಕಡಿಮೆ ಎಲ್ಲರಲ್ಲೂ ಆ ಬೆರಕೆ ಇದೆ. ಆಮೇಲೆ ಬಾಗಿಲು ಮುಚ್ಚಿತು. ಮುಚ್ಚಿದ್ದು ಬೆಟ್ಟವಲ್ಲ, ನದಿಯಲ್ಲ, ಒಂದೇ ಬೀದಿಯಲ್ಲಿದ್ದ ಜನರ ನಡುವಿನ ನಿಯಮ. 2017ರಲ್ಲಿ ಹೈದರಾಬಾದಿನ ಜೀವಕೋಶ ಮತ್ತು ಅಣುಜೀವ ವಿಜ್ಞಾನ ಕೇಂದ್ರದ (ಸಿಸಿಎಂಬಿ) ಕೆ. ತಂಗರಾಜ್ ಮತ್ತು ಹಾರ್ವರ್ಡಿನವರು ಸೇರಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ನೋಡಿದರು. ಫಿನ್‌ಲ್ಯಾಂಡಿನವರು, ಯುರೋಪಿನ ಅಶ್ಕೆನಾಜಿ ಯಹೂದಿಗಳು ಕೆಲವೇ ಪೂರ್ವಜರಿಂದ ಬೆಳೆದ ಗುಂಪುಗಳು ಅಂತ ಹೆಸರಾದವರು. ನಮ್ಮಲ್ಲಿ 81 ಗುಂಪುಗಳಲ್ಲಿ ಆ ಗುರುತು ಅವರಿಗಿಂತ ಗಾಢವಾಗಿತ್ತು. ಅವುಗಳಲ್ಲಿ 14 ಗುಂಪುಗಳ ಜನಸಂಖ್ಯೆ ತಲಾ 10 ಲಕ್ಷಕ್ಕೂ ಜಾಸ್ತಿ. ಲಕ್ಷಾಂತರ ಜನ ಇದ್ದರೂ ಒಳಗೊಳಗೇ ಅದು ಒಂದು ಸಣ್ಣ ಊರು.

ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ಅರಿವಳಿಕೆ ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ಉದಾಹರಣೆ ಇದೆ. ಆಪರೇಷನ್ ಮುಂಚೆ ಸ್ನಾಯು ಸಡಿಲ ಮಾಡಲು ಕೊಡುವ ಒಂದು ಔಷಧಿ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಅದನ್ನು ಒಡೆಯುವ ಕಿಣ್ವ ಇಲ್ಲದವರಲ್ಲಿ ಗಂಟೆಗಟ್ಟಲೆ ಇಳಿಯುವುದಿಲ್ಲ, ಉಸಿರಾಡಲೂ ಆಗುವುದಿಲ್ಲ. ಈ ಕೊರತೆ ಆಂಧ್ರ ಮೂಲದ ವೈಶ್ಯ ಸಮುದಾಯದಲ್ಲಿ ಬೇರೆಯವರಿಗಿಂತ ಸುಮಾರು ನೂರು ಪಟ್ಟು ಜಾಸ್ತಿ. ಗೊತ್ತಿದ್ದರೆ ಬೇರೆ ಔಷಧಿ ಕೊಟ್ಟರಾಯಿತು, ಜೀವಕ್ಕೆ ಏನೂ ಆಗುವುದಿಲ್ಲ. ಇದನ್ನು ಯಾರ ಮೇಲಿನ ಕಳಂಕದ ಹಾಗೂ ಓದಬೇಡಿ. ಪ್ರತಿ ಜಾತಿಯ ಗೋಡೆಯೊಳಗೂ ಇಂಥದ್ದೇನೋ ಒಂದು ಮಲಗಿದೆ. ಕೆಲವದಕ್ಕೆ ಹೆಸರು ಸಿಕ್ಕಿದೆ, ಎಷ್ಟೋ ಗುಂಪುಗಳದ್ದನ್ನು ಇನ್ನೂ ಯಾರೂ ಹುಡುಕಿಯೇ ಇಲ್ಲ. ಹುಡುಕಬೇಕು. ಬಡವರ, ಆದಿವಾಸಿಗಳ ಗುಂಪುಗಳಲ್ಲಿ ಮೊದಲು ಹುಡುಕಬೇಕು.

ಪುಟ್ಟಿಗೆ ಈಗ ಒಂಬತ್ತು. ಸನ್ನೆ ಭಾಷೆ ಅವಳ ಭಾಷೆ. ಅವಳಿಂದ ನಾವೆಲ್ಲ ಕಲಿತಿದ್ದೇವೆ, ಅಜ್ಜಿ ಕೂಡ, 86ನೇ ವಯಸ್ಸಿನಲ್ಲಿ. ಊರಿಗೆ ಹೋದರೆ ಅವಳು ಮೊದಲು ಹಿಡಿಯುವುದು ಕಡಗೋಲಿನ ಹಗ್ಗ. ಬೆಣ್ಣೆ ಬಂದದ್ದು ನಮಗೆ ಸದ್ದಿನಿಂದ ಗೊತ್ತಾದರೆ ಅವಳಿಗೆ ಹಗ್ಗದಿಂದ ಗೊತ್ತಾಗುತ್ತದೆ. ಕೈಗೆ ಬರುವ ಎಳೆತ ಬದಲಾದ ತಕ್ಷಣ ನಿಲ್ಲಿಸಿ, ಅಜ್ಜಿಯ ಕಡೆ ನೋಡಿ ಕಣ್ಣರಳಿಸುತ್ತಾಳೆ. ಇಲ್ಲಿಯವರೆಗೆ ಒಂದು ಸಲವೂ ತಪ್ಪಿಲ್ಲ.

ಹೋದ ಯುಗಾದಿಗೆ ಎಲ್ಲರೂ ಸೇರಿದ್ದೆವು. ತಂಗಿಯ ದೊಡ್ಡ ಮಗಳಿಗೆ ಇನ್ನೂ ಹದಿನಾರು. ಆದರೂ ಯಾರೋ ಎಂದಿನ ಹಾಗೆ, ಸೋದರತ್ತೆಯ ಮಗ ಇದ್ದಾನಲ್ಲ, ಓದಿ ಮುಗಿಸಲಿ, ಆಮೇಲೆ ಮಾಡಿದರಾಯಿತು ಅಂದರು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಚಿಕ್ಕಮ್ಮ ಎಲೆ ಒರೆಸುತ್ತಿದ್ದವರು ತಲೆ ಎತ್ತಿ, "ಬೇಡ. ಅವಳ ಮದುವೆ ಹೊರಗೆ" ಅಂದರು. ನಮ್ಮ ಮನೆಯಲ್ಲಿ ಆ ಮಾತು ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅವರ ಮದುವೆ, ಅವರು ಮಾಡಿಸಿದ ಮದುವೆ, ಎರಡೂ ಆ ಮಾತಿನೊಳಗೆ ಇದ್ದವು.

ಅಜ್ಜಿ ಸ್ವಲ್ಪ ಹೊತ್ತು ಪುಟ್ಟಿಯ ತಲೆ ಸವರುತ್ತಾ ಕೂತರು. ಆಮೇಲೆ ಹೇಳಿದರು. "ಹೊರಗೇ ನೋಡ್ರಪ್ಪ. ಎಷ್ಟು ದೂರ ಆದ್ರೂ ಆಗ್ಲಿ. ಹೋಗುವಾಗ ಹೆಪ್ಪು ಮಾತ್ರ ಇಲ್ಲಿಂದ ತಗೊಂಡು ಹೋಗ್ಲಿ."